ಕೇಳುವ ವಿದ್ಯೆ

(ಆಕಾಶವಾಣಿ ಭಾಷಣ)

ಓದಿನಲ್ಲಿ ಹಿಂದೆ ಬಿದ್ದ ಮಗನನ್ನೋ, ಊಟ ಮಾತು ಬಿಟ್ಟು ಮೂಲೆ ಹಿಡಿದ ಮಗಳನ್ನೋ ಕರೆದುಕೊಂಡು ನಮ್ಮ ತಂದೆತಾಯಂದಿರು ಊರಿನ ಹಿರಿಯರ ಬಳಿಗೆ, ಶಾಲೆಯ ಮೇಷ್ಟರ ಬಳಿಗೆ ಹೋದಾಗ ಆಡುವ ಮಾತು ಸಾಮಾನ್ಯವಾಗಿ ಒಂದೇ: "ಇವನಿಗೆ ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ." ಹೇಳುವುದಕ್ಕೆ ಹಿರಿಯರೂ ಸಿದ್ಧರಾಗಿಯೇ ಇರುತ್ತಾರೆ. ಬುದ್ಧಿ ಹೇಳುವವರಿಗೆ ನಮ್ಮ ನಾಡಿನಲ್ಲಿ ಎಂದೂ ಬರ ಬಂದದ್ದಿಲ್ಲ. "ಇವನ ಮಾತನ್ನು ನೀವಾದರೂ ಕೇಳಿ" ಎಂದು ಬೇಡಿಕೊಂಡ ತಂದೆತಾಯಂದಿರನ್ನು ಮಾತ್ರ ನಾನು ಕಂಡಿಲ್ಲ. ಮನಸ್ಸು ನೊಂದವರೊಡನೆ ಕುಳಿತು ಮಾತನಾಡುವುದನ್ನೇ ಕಸುಬು ಮಾಡಿಕೊಂಡವರಿಗೂ ಈ ಎರಡು ಬೇಡಿಕೆಗಳ ನಡುವಣ ಅಂತರ ತಿಳಿಯಲು ಇಪ್ಪತ್ತನೆಯ ಶತಮಾನದ ಅರ್ಧ ಭಾಗ ಕಳೆಯಬೇಕಾಯಿತು. ಒಳ್ಳೆಯ ಸಮಾಲೋಚಕನ ಗುಣಗಳು ಯಾವುವು ಎಂಬುದಕ್ಕೆ ಪಟ್ಟಿ ಮಾಡಿ ಉತ್ತರ ಕೊಡುವ ಪುಸ್ತಕಗಳು ಬೇಕಾದಷ್ಟಿವೆ. ಆ ಗುಣಗಳನ್ನು ಯಾರು, ಯಾವ ಪೇಚಿನಲ್ಲಿ ಸಿಕ್ಕಿ ಕಂಡುಕೊಂಡರು ಎಂಬ ಕಥೆಯನ್ನು ಅವು ಹೇಳುವುದು ಕಡಿಮೆ. ನನಗೆ ಆ ಕಥೆಯಲ್ಲಿ ಆಸಕ್ತಿ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನ ಕೌನ್ಸೆಲರ್ ಎಂಬ ಮಾತಿಗೆ ಸಲಹೆಗಾರ ಎಂಬುದೇ ಹಳೆಯ ಅರ್ಥ. ರಾಜನಿಗೆ ಮಂತ್ರಿ, ಕಕ್ಷಿಗಾರನಿಗೆ ವಕೀಲ. ಕನ್ನಡದಲ್ಲಿ ಬಳಕೆಗೆ ಬಂದಿರುವ ಆಪ್ತ ಸಮಾಲೋಚಕ ಎಂಬ ಪದ ನನಗೆ ಹೆಚ್ಚು ಹಿಡಿಸುತ್ತದೆ. ಆಪ್ತ ಎಂದರೆ ನಂಬಿಕೆಗೆ ಯೋಗ್ಯನಾದವನು. ನೈಯಾಯಿಕರು ಅವನ ಮಾತನ್ನೇ ಒಂದು ಪ್ರಮಾಣವಾಗಿ ಒಪ್ಪಿದರು. ಚರಕಸಂಹಿತೆ ಆಪ್ತನ ಲಕ್ಷಣವನ್ನು ಹೇಳುವಾಗ ತಪಸ್ಸಿನಿಂದಲೂ ಜ್ಞಾನದಿಂದಲೂ ರಜಸ್ಸು ತಮಸ್ಸುಗಳನ್ನು ಕಳೆದುಕೊಂಡವನು ಎನ್ನುತ್ತದೆ. ಇಷ್ಟು ಎತ್ತರದ ಅಳತೆಗೋಲು ಹಿಡಿದರೆ ಇಡೀ ಜಿಲ್ಲೆಗೆ ಒಬ್ಬ ಆಪ್ತ ಸಿಕ್ಕುವುದೂ ಕಷ್ಟವೇ. ಆದರೂ ದಿಕ್ಕು ಸರಿಯಾಗಿದೆ: ಚರಕ ಮೊದಲು ನೋಡುವುದು ಮನುಷ್ಯ ಎಂಥವನು ಎಂಬುದನ್ನು. ಇನ್ನು ನಮ್ಮ ಕೇಳು ಎಂಬ ಕ್ರಿಯಾಪದ. ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ಕನ್ನಡ ಒಂದೇ ಧಾತುವನ್ನು ಇಟ್ಟುಕೊಂಡಿದೆ. ಈ ಕಸುಬಿನ ಇತಿಹಾಸವೆಲ್ಲ ಆ ಧಾತುವಿನ ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ನಡೆದುಬಂದ ದಾರಿ ಎಂದರೂ ಸಲ್ಲುತ್ತದೆ.

ಗೀತೆಯನ್ನು ಉದಾಹರಿಸಿ, ಜಗತ್ತಿನ ಮೊದಲ ಸಮಾಲೋಚಕ ಶ್ರೀಕೃಷ್ಣನೇ ಎಂದು ಸಭೆಗಳಲ್ಲಿ ಹೇಳುವವರುಂಟು. ಅವರು ಮೊದಲನೆಯ ಅಧ್ಯಾಯವನ್ನು ಮತ್ತೊಮ್ಮೆ ನೋಡಬೇಕು. ನೆರೆದ ಕುರುಗಳನ್ನು ನೋಡು ಎಂಬ ಒಂದು ಮಾತನ್ನು ಬಿಟ್ಟರೆ ಆ ಅಧ್ಯಾಯದಲ್ಲಿ ಕೃಷ್ಣ ಬಾಯಿ ತೆರೆಯುವುದಿಲ್ಲ. ಅರ್ಜುನ ನಡುಗುತ್ತಾನೆ, ವಾದಿಸುತ್ತಾನೆ, ಬಿಲ್ಲನ್ನು ಕೆಳಗಿಟ್ಟು ಕುಳಿತುಬಿಡುತ್ತಾನೆ. ಅಲ್ಲಿಯವರೆಗೂ ಸಾರಥಿ ಕೇಳುತ್ತಲೇ ಇದ್ದಾನೆ. ಮುಂದಿನ ಅಧ್ಯಾಯಗಳಲ್ಲಿ ಅವನು ಮಾಡಿದ ಉಪದೇಶ ಸಮಾಲೋಚನೆಯೇ ಅಲ್ಲವೇ ಎಂಬುದನ್ನು ಪಂಡಿತರಿಗೆ ಬಿಡುತ್ತೇನೆ.

ಕಸುಬಾಗಿ ಇದು ಹುಟ್ಟಿದ್ದು ಅಮೆರಿಕದಲ್ಲಿ. ಅದರ ಆರಂಭಕ್ಕೆ ಉದ್ಯೋಗದ ಪ್ರಶ್ನೆ ಕಾರಣ. ಇಂಜಿನಿಯರಾಗಿ, ಉಪಾಧ್ಯಾಯರಾಗಿ, ವಕೀಲರಾಗಿ ಹಲವು ನೀರು ಕುಡಿದಿದ್ದ ಫ್ರಾಂಕ್ ಪಾರ್ಸನ್ಸ್ ಎಂಬವರು 1908ರಲ್ಲಿ ಬಾಸ್ಟನ್ ನಗರದಲ್ಲಿ, ಬಡ ವಲಸೆಗಾರರು ತುಂಬಿದ್ದ ಮೊಹಲ್ಲೆಯೊಂದರಲ್ಲಿ, ಯುವಕರಿಗೆ ತಕ್ಕ ಕೆಲಸ ಯಾವುದೆಂದು ಯೋಚಿಸಲು ನೆರವಾಗುವ ಕಚೇರಿಯೊಂದನ್ನು ತೆರೆದರು. ನಿನ್ನನ್ನು ನೀನು ತಿಳಿ, ಕೆಲಸಗಳನ್ನು ತಿಳಿ, ಇವೆರಡನ್ನೂ ವಿವೇಕದಿಂದ ಹೊಂದಿಸು ಎಂಬುದು ಅವರ ವಿಧಾನ. ಅದೇ ವರ್ಷ ಅವರು ತೀರಿಕೊಂಡರು. ಅವರ ಪುಸ್ತಕ ಮರುವರ್ಷ ಅಚ್ಚಾಯಿತು. ಪಾರ್ಸನ್ಸರ ಸಮಾಲೋಚಕನಿಗೆ ಬೇಕಾದದ್ದು ಮುಖ್ಯವಾಗಿ ತಿಳಿವಳಿಕೆ. ಅವನು ಪ್ರಶ್ನಾವಳಿ ಹಿಡಿದು ಕೇಳುತ್ತಾನೆ, ಅಳೆಯುತ್ತಾನೆ, ತೂಗುತ್ತಾನೆ, ಹೇಳುತ್ತಾನೆ. ಮುಂದಿನ ಮೂವತ್ತು ವರ್ಷಗಳಲ್ಲಿ ಈ ಅಳೆಯುವ ತೂಗುವ ಕೆಲಸ ಬಹಳವಾಗಿ ಬೆಳೆಯಿತು. ಬಂದವನ ಸಮಸ್ಯೆಯನ್ನು ಬಂದವನಿಗಿಂತ ತಜ್ಞನೇ ಚೆನ್ನಾಗಿ ಬಲ್ಲ ಎಂಬ ನಂಬಿಕೆಯೂ ಅದರ ಜೊತೆಗೇ ಬೆಳೆಯಿತು.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಒಬ್ಬ ತಾಯಿಯಿಂದ. ಕಾರ್ಲ್ ರೋಜರ್ಸ್ ಎಂಬ ತರುಣ ಮನಶ್ಶಾಸ್ತ್ರಜ್ಞರು 1928ರಿಂದ ಹನ್ನೆರಡು ವರ್ಷ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ಎಂಬ ಊರಿನಲ್ಲಿ, ಮಕ್ಕಳ ಮೇಲಣ ಕ್ರೌರ್ಯವನ್ನು ತಡೆಯುವ ಸಂಘದಲ್ಲಿ ಕೆಲಸ ಮಾಡುತ್ತಿದ್ದರು. ಹೊಲದ ಮನೆಯಲ್ಲಿ ಬೆಳೆದು, ಕೃಷಿ ಓದಲು ಹೋಗಿ, ಪಾದ್ರಿಯಾಗಲು ಹೊರಟು, ಕೊನೆಗೆ ಮನಶ್ಶಾಸ್ತ್ರಕ್ಕೆ ಬಂದವರು. ಅಲ್ಲಿಗೆ ಒಬ್ಬ ಬುದ್ಧಿವಂತ ಹೆಂಗಸು ತನ್ನ ಪುಂಡ ಮಗನ ವಿಷಯವಾಗಿ ಬರುತ್ತಿದ್ದಳು. ಎಳೆವೆಯಲ್ಲಿ ಆಕೆ ಮಗನನ್ನು ಮನಸ್ಸಿನಿಂದ ದೂರವಿಟ್ಟದ್ದೇ ಅವನ ಪುಂಡತನಕ್ಕೆ ಕಾರಣವೆಂದು ರೋಜರ್ಸರಿಗೆ ಖಚಿತವಾಗಿತ್ತು. ಭೇಟಿಯ ಮೇಲೆ ಭೇಟಿ, ಆಕೆಯ ಮಾತುಗಳಿಂದಲೇ ಎಳೆ ತೆಗೆದು ತೆಗೆದು, ಎಷ್ಟು ಮೃದುವಾಗಿ ಆ ಸತ್ಯವನ್ನು ಮುಂದಿಟ್ಟರೂ ಆಕೆಗೆ ಅದು ದಕ್ಕಲಿಲ್ಲ. ಕೊನೆಗೆ ರೋಜರ್ಸರು ಸೋತರು. ನಾವಿಬ್ಬರೂ ಪ್ರಯತ್ನಪಟ್ಟಿದ್ದೇವೆ, ಕೈಗೂಡಲಿಲ್ಲ, ಇಲ್ಲಿಗೆ ನಿಲ್ಲಿಸೋಣ ಎಂದರು. ಆಕೆಯೂ ಒಪ್ಪಿದಳು. ಕೈಕುಲುಕಿ ಎದ್ದು ಬಾಗಿಲವರೆಗೆ ಹೋದವಳು ಹಿಂದಿರುಗಿ ನಿಂತು, ಇಲ್ಲಿ ದೊಡ್ಡವರ ಸಮಸ್ಯೆಗಳನ್ನೂ ನೋಡುತ್ತೀರಾ ಎಂದು ಕೇಳಿದಳು. ಹೌದೆನ್ನುತ್ತಲೇ, ನನಗೆ ಸಹಾಯ ಬೇಕು ಎಂದು ಬಂದು ಅದೇ ಕುರ್ಚಿಯಲ್ಲಿ ಕುಳಿತು, ಹದಗೆಟ್ಟ ತನ್ನ ದಾಂಪತ್ಯವನ್ನೂ ತನ್ನ ಹತಾಶೆಯನ್ನೂ ತೋಡಿಕೊಂಡಳು. ಅಷ್ಟು ದಿನ ಆಕೆ ಒಪ್ಪಿಸಿದ್ದ ಅಚ್ಚುಕಟ್ಟಾದ ವೃತ್ತಾಂತಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಚಿಕಿತ್ಸೆ ಆರಂಭವಾದದ್ದು ಆವೊತ್ತು. ಕಾಲಕ್ರಮದಲ್ಲಿ ಆಕೆಗೂ ಮಗನಿಗೂ ಒಳ್ಳೆಯದಾಯಿತು. ಎಲ್ಲಿ ನೋಯುತ್ತದೆ, ಯಾವ ದಿಕ್ಕಿಗೆ ಹೋಗಬೇಕು ಎಂಬುದು ಬಂದವರಿಗೇ ಗೊತ್ತು ಎಂಬ ಪಾಠವನ್ನು ಇಂಥ ಅನುಭವಗಳಿಂದ ಕಲಿತೆ ಎಂದು ರೋಜರ್ಸರು 1961ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಈ ಪ್ರಸಂಗದಲ್ಲಿ ನನ್ನನ್ನು ತಡೆದು ನಿಲ್ಲಿಸುವ ಸಂಗತಿಯೊಂದಿದೆ. ರೋಜರ್ಸರು ಆ ಹೆಂಗಸಿನ ವಿಷಯದಲ್ಲಿ ಮಾಡಿಕೊಂಡಿದ್ದ ನಿರ್ಣಯ ತಪ್ಪಾಗಿತ್ತೆಂದು ಅವರು ಎಲ್ಲಿಯೂ ಹೇಳುವುದಿಲ್ಲ. ಅದು ಸರಿಯಾಗಿಯೇ ಇದ್ದಿರಬಹುದು. ಸರಿಯಾಗಿದ್ದೂ ಪ್ರಯೋಜನಕ್ಕೆ ಬರಲಿಲ್ಲ. ಸರಿಯಾದ ಸಲಹೆಯೇ ಅಡ್ಡಗೋಡೆಯಾಗಬಹುದು ಎಂಬುದನ್ನು ಒಪ್ಪುವುದು ವಿದ್ಯಾವಂತರಿಗೆ ಎಷ್ಟು ಕಷ್ಟವೆಂಬುದು ನಮಗೆಲ್ಲ ಗೊತ್ತಿದೆ.

1940ರಲ್ಲಿ ರೋಜರ್ಸರು ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಮಾನಸಿಕ ಚಿಕಿತ್ಸೆ ವೈದ್ಯರ ಹಕ್ಕು, ವೈದ್ಯರಲ್ಲದವರು ಅದನ್ನು ಮಾಡಕೂಡದು ಎಂಬ ವಾತಾವರಣ ಆಗ ಅಮೆರಿಕದಲ್ಲಿತ್ತು. ರೋಜರ್ಸರಂಥವರು ತಮ್ಮ ಕೆಲಸಕ್ಕೆ ಕೌನ್ಸೆಲಿಂಗ್ ಎಂಬ ನಿರುಪದ್ರವಿ ಹೆಸರನ್ನು ಬಳಸಿದ್ದಕ್ಕೆ ಇದೂ ಒಂದು ಕಾರಣ. ತಮ್ಮಲ್ಲಿಗೆ ಬಂದವರನ್ನು ರೋಗಿಗಳೆಂದು ಕರೆಯುವುದನ್ನೂ ಅವರು ಬಿಟ್ಟರು. ಆದರೆ ಅವರು ಮಾಡಿದ ಅತಿ ದಿಟ್ಟ ಕೆಲಸ ಬೇರೆಯದು. ಸಮಾಲೋಚನೆಯ ಕೋಣೆಯೊಳಕ್ಕೆ, ಬಂದವರ ಒಪ್ಪಿಗೆ ಪಡೆದು, ಧ್ವನಿಮುದ್ರಣ ಯಂತ್ರವನ್ನು ತಂದಿಟ್ಟರು. ಆಗ ಟೇಪಿನ ಸೌಲಭ್ಯವಿರಲಿಲ್ಲ. ಕೆಲವೇ ನಿಮಿಷ ಓಡುವ ತಟ್ಟೆಗಳ ಮೇಲೆ ಮುದ್ರಿಸಿಕೊಳ್ಳಬೇಕಾಗಿತ್ತು. 1942ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ, ಹೆಸರು ಬದಲಿಸಿದ ಒಬ್ಬ ವ್ಯಕ್ತಿಯೊಡನೆ ನಡೆದ ಎಂಟು ಭೇಟಿಗಳು, ಆಡಿದ ಒಂದೊಂದು ಮಾತೂ ಬಿಡದಂತೆ ಅಚ್ಚಾದವು. ಅಲ್ಲಿಯವರೆಗೆ ಈ ಕೋಣೆಯೊಳಗೆ ನಡೆದದ್ದೇನೆಂಬುದಕ್ಕೆ ಚಿಕಿತ್ಸಕರ ನೆನಪೇ ಸಾಕ್ಷಿಯಾಗಿತ್ತು. ತನ್ನ ಜಾಣ್ಮೆಯ ಮಾತುಗಳನ್ನು ಮಾತ್ರ ಉಳಿಸಿಕೊಳ್ಳುವ ಗುಣ ನೆನಪಿಗಿದೆ. ತಟ್ಟೆಗೆ ಆ ದಾಕ್ಷಿಣ್ಯವಿಲ್ಲ. ರೋಜರ್ಸರ ಶಿಷ್ಯರೊಬ್ಬರು ಹೀಗೆ ಮುದ್ರಿಸಿದ ಸಂಭಾಷಣೆಗಳಲ್ಲಿ ಮಾತುಗಳನ್ನು ಎಣಿಸಿದರು. ದಾರಿ ತೋರಿಸುವುದೇ ತಮ್ಮ ಕೆಲಸವೆಂದು ನಂಬಿದ್ದ ಸಮಾಲೋಚಕರು ಇನ್ನೊಂದು ಬಗೆಯವರಿಗಿಂತ ಸುಮಾರು ಆರು ಪಟ್ಟು ಹೆಚ್ಚು ಮಾತನಾಡಿದ್ದರು. ಅವರ ಕೋಣೆಗಳಲ್ಲಿ ದುಃಖ ಹೇಳಿಕೊಳ್ಳಲು ಬಂದವನೇ ಹೆಚ್ಚು ಹೊತ್ತು ಶ್ರೋತೃವಾಗಿದ್ದ.

ಧ್ವನಿಯಂತ್ರಕ್ಕೂ ಮನಶ್ಶಾಸ್ತ್ರಕ್ಕೂ ಇರುವ ನಂಟು ಕನ್ನಡಿಗರಿಗೆ ಹೊಸದಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ, ಆಕಾಶವಾಣಿ ಎಂಬ ಹೆಸರು ಯಾರ ಕೇಂದ್ರದಿಂದ ನಾಡಿಗೆ ಬಂದಿತೋ ಆ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಒಬ್ಬರು ಧ್ವನಿಯನ್ನು ಎಲ್ಲರ ಮನೆಗೆ ಕಳುಹಿಸಿದರು. ಇನ್ನೊಬ್ಬರು ತಮ್ಮ ಧ್ವನಿಯನ್ನೇ ಹಿಡಿದಿಟ್ಟು ಪರೀಕ್ಷೆಗೆ ಒಡ್ಡಿದರು.

1957ರಲ್ಲಿ ರೋಜರ್ಸರು ಒಂದು ಲೇಖನ ಬರೆದು, ಮನುಷ್ಯನ ಮನಸ್ಸು ಬದಲಾಗಲು ಸಮಾಲೋಚಕನಲ್ಲಿ ಏನಿರಬೇಕೆಂಬುದನ್ನು ಖಂಡಿತವಾಗಿ ಹೇಳಿದರು. ಅವರು ಎಣಿಸಿದ ಷರತ್ತುಗಳಲ್ಲಿ ಸಮಾಲೋಚಕನಿಗೆ ಸಂಬಂಧಪಟ್ಟವು ಮುಖ್ಯವಾಗಿ ಮೂರು. ಒಳಗೂ ಹೊರಗೂ ಒಂದೇ ಆಗಿರುವುದು ಒಂದು. ನುಡಿಗೂ ನಡೆಗೂ ಹೊಂದಿಕೆಯಿರಬೇಕೆಂಬುದನ್ನು ವಚನಕಾರರ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಎದುರಿಗಿರುವವನು ಏನು ಮಾಡಿರಲಿ, ಏನು ಹೇಳಲಿ, ಅವನ ಮೇಲಣ ಆದರಕ್ಕೆ ಷರತ್ತು ಹಾಕದಿರುವುದು ಇನ್ನೊಂದು. ಮೂರನೆಯದೇ ಕಠಿನವಾದದ್ದು: ಅವನ ಲೋಕವನ್ನು ತನ್ನದೇ ಎಂಬಂತೆ ಒಳಹೊಕ್ಕು ಕಾಣುವುದು, ಆದರೆ ಆ "ಎಂಬಂತೆ" ಎಂಬುದನ್ನು ಎಂದಿಗೂ ಮರೆಯದಿರುವುದು. ಇಂಗ್ಲಿಷಿನಲ್ಲಿ ಎಂಪತಿ ಎನ್ನುವ ಇದಕ್ಕೆ ನಮ್ಮವರು ಪರಾನುಭೂತಿ ಎಂಬ ಪದವನ್ನು ಮಾಡಿಕೊಂಡಿದ್ದಾರೆ. ಕಾವ್ಯಮೀಮಾಂಸೆಯ ಪರಿಚಯವುಳ್ಳವರಿಗೆ ಸಹೃದಯ ಎಂದರೆ ಬೇಗ ಹೊಳೆದೀತು. ರಂಗದ ಮೇಲೆ ದ್ರೌಪದಿಯ ಸೀರೆ ಸೆಳೆಯುವಾಗ ಸಹೃದಯನ ಕಣ್ಣು ಒದ್ದೆಯಾಗುತ್ತದೆ. ಅವನು ಎದ್ದುಹೋಗಿ ದುಶ್ಶಾಸನನ ಕಪಾಳಕ್ಕೆ ಹೊಡೆಯುವುದಿಲ್ಲ. ನೊಂದವರ ಕಥೆ ಕೇಳುತ್ತ ಅವರ ಅತ್ತೆಯ ಮೇಲೋ ಗಂಡನ ಮೇಲೋ ಹಲ್ಲು ಕಡಿಯುವ ಹಿತೈಷಿಗಳು ಬಹಳ ಮಂದಿ ಇದ್ದಾರೆ. ಅವರದು ಒಳ್ಳೆಯ ಹೃದಯವೇ, ಆದರೆ ಅಲ್ಲಿ "ಎಂಬಂತೆ" ಕಳೆದುಹೋಗಿರುತ್ತದೆ.

ಈ ಗುಣಗಳಿಗೆ ವಿಶೇಷವಾದ ಶಾಸ್ತ್ರಪಾಂಡಿತ್ಯ ಬೇಕಾಗಿಲ್ಲವೆಂದೂ ರೋಜರ್ಸರು ಅದೇ ಲೇಖನದಲ್ಲಿ ಬರೆದುಬಿಟ್ಟರು. ಪಂಡಿತರು ಕೆರಳಿದರು. ಅನುಯಾಯಿಗಳಾದರೋ ಇನ್ನೊಂದು ಬಗೆಯ ಅನ್ಯಾಯ ಮಾಡಿದರು: ಬಂದವರ ಕೊನೆಯ ಮಾತನ್ನು ಗಿಣಿಯಂತೆ ತಿರುಗಿ ಹೇಳುವುದೇ ರೋಜರ್ಸ್ ಪದ್ಧತಿಯೆಂದು ತಿಳಿದರು. "ನನಗೆ ಬದುಕು ಸಾಕಾಗಿದೆ." "ಅಂದರೆ ನಿಮಗೆ ಬದುಕು ಸಾಕಾಗಿದೆ." ಇಂಥ ವಿಕೃತಿಯನ್ನು ಕಂಡು ರೋಜರ್ಸರೇ ನೊಂದುಕೊಂಡದ್ದುಂಟು. ಗುಣವನ್ನು ತಂತ್ರವೆಂದು ಕಲಿಸಹೊರಟರೆ ಹೀಗೇ ಆಗುತ್ತದೆ.

ಅವರ ಬಾಳಿನ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದಕ್ಕೆ ಹೋಗಲಾರೆ. 1949ರ ಸುಮಾರಿನಲ್ಲಿ, ಅವರು ಷಿಕಾಗೋದಲ್ಲಿದ್ದಾಗ, ತೀವ್ರವಾದ ಮಾನಸಿಕ ಕ್ಷೋಭೆಯಲ್ಲಿದ್ದ ಒಬ್ಬ ಹೆಂಗಸಿಗೆ ನೆರವಾಗುತ್ತಿದ್ದರು. ಆಕೆ ಹೆಚ್ಚು ಹೆಚ್ಚು ಬೇಡಿದಳು. ಇವರು ಹೆಚ್ಚು ಹೆಚ್ಚು ಕೊಟ್ಟರು. ಕೆಲವೊಮ್ಮೆ ಬೆಚ್ಚಗೆ, ಕೆಲವೊಮ್ಮೆ ಒಳಗೊಳಗೇ ದಣಿದು ತಣ್ಣಗೆ. ಆ ಏರುಪೇರು ಆಕೆಯನ್ನು ಇನ್ನಷ್ಟು ಘಾಸಿಗೊಳಿಸಿತು. ತನ್ನದೆಲ್ಲಿ ಮುಗಿಯಿತು, ಆಕೆಯದೆಲ್ಲಿ ಆರಂಭವಾಯಿತು ಎಂಬುದು ರೋಜರ್ಸರಿಗೆ ತಿಳಿಯದಂತಾಯಿತು. ತಮಗೇ ಹುಚ್ಚು ಹಿಡಿಯುತ್ತದೆಂಬ ಭಯ ಹುಟ್ಟಿ, ಆಕೆಯನ್ನು ಒಬ್ಬ ಮನೋವೈದ್ಯರಿಗೆ ಒಪ್ಪಿಸಿ, ಹೆಂಡತಿಯೊಡನೆ ಊರು ಬಿಟ್ಟು ಎರಡು ಮೂರು ತಿಂಗಳು ದೂರ ಉಳಿದರು. ಮರಳಿ ಬಂದಮೇಲೆ ತಮ್ಮ ಸಹೋದ್ಯೋಗಿಯೊಬ್ಬರ ಮುಂದೆ ತಾವೇ ಬಂದವರ ಕುರ್ಚಿಯಲ್ಲಿ ಕುಳಿತು ಚಿಕಿತ್ಸೆ ಪಡೆದರು. ಇದನ್ನು ಅವರು ಮುಚ್ಚಿಡಲಿಲ್ಲ. "ಎಂಬಂತೆ" ಎಂಬ ಮಾತಿಗೆ ಅವರು 1957ರಲ್ಲಿ ಅಷ್ಟು ಒತ್ತು ಕೊಟ್ಟದ್ದರ ಹಿಂದೆ ಈ ದಿನಗಳ ನೆನಪೂ ಇದ್ದಿರಬೇಕೆಂದು ನನ್ನ ಊಹೆ. ಸಮಾಲೋಚಕರಿಗೂ ತಮ್ಮ ಭಾರವನ್ನು ಇಳಿಸಲು ಒಂದು ಹೆಗಲು ಬೇಕೆಂಬ ನಿಯಮ ಇಂದು ಒಳ್ಳೆಯ ಸಂಸ್ಥೆಗಳಲ್ಲೆಲ್ಲ ಇದೆ. ಅನುಭವಿಗಳೊಬ್ಬರ ಮೇಲ್ವಿಚಾರಣೆಯಲ್ಲಿ, ತಮ್ಮ ಕೆಲಸದ ಮಾತನ್ನು ಆಗಾಗ ಅವರ ಮುಂದಿಟ್ಟು ಅವರು ನಡೆಯಬೇಕು. ಇದನ್ನು ಆಡಳಿತದ ಕಟ್ಟಳೆಯೆಂದು ನೋಡುವವರು ಷಿಕಾಗೋದ ಆ ತಿಂಗಳುಗಳನ್ನು ನೆನೆಯಬಹುದು.

ಇನ್ನು ಲಂಡನ್ನಿಗೆ ಬರೋಣ. ಇಲ್ಲಿಯ ಕಥಾನಾಯಕರು ಪಾದ್ರಿಗಳು. ಹೆಸರು ಚಾಡ್ ವಾರಾ. 1935ರಲ್ಲಿ, ಲಿಂಕನ್ ಊರಿನಲ್ಲಿ ದೀಕ್ಷೆ ಪಡೆದ ಹೊಸದರಲ್ಲಿ, ಅವರು ನಡೆಸಿದ ಮೊದಲ ಶವಸಂಸ್ಕಾರ ಹದಿಮೂರು ಹದಿನಾಲ್ಕರ ಒಬ್ಬ ಹುಡುಗಿಯದು. ಆ ಹುಡುಗಿಗೆ ಮುಟ್ಟು ಆರಂಭವಾಗಿತ್ತು. ಅದು ಏನೆಂದು ಹೇಳುವವರಿರಲಿಲ್ಲ. ನಾಚಿಕೆಗೇಡಿನ ರೋಗವೊಂದು ತನಗೆ ಅಂಟಿದೆಯೆಂದು ಹೆದರಿ ಪ್ರಾಣ ಕಳೆದುಕೊಂಡಿದ್ದಳು. ಯಾವುದಾದರೊಂದು ಮನೆಯ ಅಜ್ಜಿಯೋ ಅಕ್ಕನೋ ಎರಡು ನಿಮಿಷ ಪಕ್ಕದಲ್ಲಿ ಕುಳಿತಿದ್ದರೆ ಉಳಿಯುವ ಜೀವ. ಆ ಸಮಾಧಿಯ ಬಳಿ ನಿಂತು, ಈ ವಿಷಯಗಳಲ್ಲಿ ಎಳೆಯರ ಅಜ್ಞಾನವನ್ನು ಕಳೆಯುವುದೇ ತನ್ನ ಕೆಲಸವೆಂದು ವಾರಾ ನಿಶ್ಚಯಿಸಿದರು. ಪಾದ್ರಿಯೊಬ್ಬರು ಲೈಂಗಿಕ ಶಿಕ್ಷಣದ ಮಾತೆತ್ತಿದರೆ ಆ ಕಾಲದ ಇಂಗ್ಲೆಂಡಿನ ಸಭ್ಯರು ಏನೆಂದಿರಬಹುದೆಂಬುದನ್ನು ನಾವು ಊಹಿಸಬಲ್ಲೆವು. ನಮ್ಮಲ್ಲಿ ಈಗಲೂ ಅನ್ನುತ್ತಿದ್ದಾರೆ. ಹೊಟ್ಟೆಪಾಡಿಗೆ ಅವರು ಮಕ್ಕಳ ಚಿತ್ರಕಥಾ ಪತ್ರಿಕೆಗಳಿಗೆ ಬರೆಯುತ್ತಿದ್ದರು. ಆಕಾಶಯಾನದ ವೀರನೊಬ್ಬನ ಕಥೆಗೆ ವಿಜ್ಞಾನದ ಸಲಹೆಗಾರರೂ ಆಗಿದ್ದರು. ಒಂದು ಪತ್ರಿಕೆಯಲ್ಲಿ ಅವರ ಲೇಖನ ಬಂದದ್ದೇ ತಡ, ಊರೂರುಗಳಿಂದ ಕಾಗದಗಳು ಬಂದವು. ಸಾಯಲು ಯೋಚಿಸುತ್ತಿದ್ದವರ ಕಾಗದಗಳೂ ಅವುಗಳಲ್ಲಿದ್ದವು.

ಲಂಡನ್ ನಗರದಲ್ಲಿ ದಿನಕ್ಕೆ ಮೂವರು ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾರೆಂದು 1953ರಲ್ಲಿ ವಾರಾ ಓದಿದರು. ಆತ್ಮಹತ್ಯೆಯ ಪ್ರಯತ್ನ ಆಗ ಇಂಗ್ಲೆಂಡಿನಲ್ಲಿ ಅಪರಾಧ. 1961ರವರೆಗೂ ಅಪರಾಧವಾಗಿಯೇ ಇತ್ತು. ಅಂಥ ಯೋಚನೆ ಬಂದವನು ಯಾರ ಮುಂದೆ ಬಾಯಿ ಬಿಡಬೇಕು? ಬೆಂಕಿ ಬಿದ್ದರೆ ಕರೆಯಲು ಒಂದು ದೂರವಾಣಿ ಸಂಖ್ಯೆಯಿದೆ, ಇದಕ್ಕೇಕಿಲ್ಲ ಎಂಬುದು ಅವರ ಸರಳವಾದ ಪ್ರಶ್ನೆ. ನಗರದ ನಡುವೆ, ಕ್ರಿಸ್ಟೊಫರ್ ರೆನ್ ಕಟ್ಟಿದ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನ ಪಾದ್ರಿಯಾಗಿ ಹೋದ ವಾರಾ, 1953ರ ನವೆಂಬರ್ 2ರಂದು ಮೊದಲ ಕರೆಯನ್ನು ಸ್ವೀಕರಿಸಿದರು. ಆಗ ಅಲ್ಲಿದ್ದವರು ಅವರು ಮತ್ತು ಅವರ ಕಾರ್ಯದರ್ಶಿ, ಇಬ್ಬರೇ.

ಪತ್ರಿಕೆಗಳಲ್ಲಿ ಸುದ್ದಿ ಬಂದು ಕರೆಗಳೂ ಜನರೂ ಹೆಚ್ಚಿದಾಗ, ನಾವೂ ನೆರವಾಗುತ್ತೇವೆಂದು ಕೆಲವರು ಮುಂದೆ ಬಂದರು. ಮನಶ್ಶಾಸ್ತ್ರ ಓದಿದವರಲ್ಲ, ಸಾಮಾನ್ಯರು. ಇವರಿಗೆ ಏನು ಕೆಲಸ ಕೊಡುವುದೆಂದು ಯೋಚಿಸಿದ ವಾರಾ, ತಮ್ಮ ಸರದಿಗಾಗಿ ಹೊರಗೆ ಕಾಯುತ್ತಿರುವವರಿಗೆ ಚಹಾ ಮಾಡಿಕೊಟ್ಟು ಜೊತೆಗೆ ಕುಳಿತಿರಲು ಹೇಳಿದರು. ಕೆಲವು ವಾರ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಹೊರಗೆ ಕಾದು ಒಳಗೆ ಬಂದವರು ಹಗುರವಾಗಿ ಬರುತ್ತಿದ್ದರು. ಕೆಲವರು, ತಮ್ಮ ಸರದಿ ಬಂದಾಗ, ಇನ್ನು ಪಾದ್ರಿಗಳನ್ನು ಕಾಣಬೇಕಾದ ಅಗತ್ಯವಿಲ್ಲವೆಂದು ಹೊರಟೇಹೋಗುತ್ತಿದ್ದರು. ಚಹಾ ಕೊಟ್ಟವರ ಮುಂದೆ ಎಲ್ಲವನ್ನೂ ಹೇಳಿಕೊಂಡಾಗಿತ್ತು. ಆ ಚಹಾ ಕೊಟ್ಟವರಿಗೆ ಉಪದೇಶ ಮಾಡುವಷ್ಟು ವಿದ್ಯೆಯಿರಲಿಲ್ಲ, ಕೇಳುವಷ್ಟು ಬಿಡುವಿತ್ತು.

ಸಮಾಲೋಚಕರ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಘಟನೆಯನ್ನು ನಾನು ಕಾಣೆ. ಆದರೆ ಘಟನೆಗಿಂತಲೂ ಮುಂದೆ ವಾರಾ ನಡೆದುಕೊಂಡ ಬಗೆ ದೊಡ್ಡದು. ತನ್ನ ಕೋಣೆಯ ಹೊರಗೆ ನಡೆಯುತ್ತಿರುವುದು ತನ್ನ ಕೋಣೆಯೊಳಗಿನದಕ್ಕಿಂತ ಹೆಚ್ಚು ಉಪಯುಕ್ತವೆಂದು ಒಪ್ಪಿಕೊಳ್ಳುವ ಯಜಮಾನರು ಎಷ್ಟು ಮಂದಿ? 1954ರ ಫೆಬ್ರವರಿ 2ರಂದು ಅವರು ಸ್ವಯಂಸೇವಕರನ್ನೆಲ್ಲ ಕೂಡಿಸಿ, ಇನ್ನು ಮೇಲೆ ಫೋನ್ ಎತ್ತುವವರು, ಬಂದವರನ್ನು ಮೊದಲು ಕಾಣುವವರು ನೀವೇ ಎಂದು ಕೆಲಸವನ್ನು ಅವರಿಗೆ ಒಪ್ಪಿಸಿದರು. ತಾವು ಸ್ವಯಂಸೇವಕರ ಆಯ್ಕೆಯನ್ನೂ ಮೇಲ್ವಿಚಾರಣೆಯನ್ನೂ ಇಟ್ಟುಕೊಂಡರು. ಪತ್ರಿಕೆಯೊಂದರ ಶೀರ್ಷಿಕೆಯಿಂದ ಆ ಬಳಗಕ್ಕೆ ಸಮಾರಿಟನ್ಸ್ ಎಂಬ ಹೆಸರು ಅಂಟಿಕೊಂಡಿತು. ಬೈಬಲಿನಿಂದ ಬಂದ ಹೆಸರಾದರೂ, ಪಾದ್ರಿಯೇ ಸ್ಥಾಪಕರಾದರೂ, ಬಂದವರಿಗೆ ಮತಬೋಧೆ ಮಾಡಕೂಡದೆಂಬುದು ಅಲ್ಲಿಯ ಕಟ್ಟುನಿಟ್ಟಾದ ನಿಯಮ. ಸ್ನೇಹವಾಗಿರುವುದು ಎಂಬರ್ಥದ ಒಂದು ಸಾದಾ ಪದವನ್ನು ಅವರು ತಮ್ಮ ಕೆಲಸಕ್ಕೆ ಇಟ್ಟುಕೊಂಡರು. ಇದೇ ಮಾದರಿಯ ಸ್ನೇಹಾ ಎಂಬ ಸಂಸ್ಥೆ ಚೆನ್ನೈಯಲ್ಲಿ 1986ರಲ್ಲಿ ಆರಂಭವಾಯಿತು.

ಇಷ್ಟನ್ನು ಕೇಳಿ, ಹಾಗಾದರೆ ಕರುಣೆಯೊಂದಿದ್ದರೆ ಸಾಕು, ಶಿಕ್ಷಣ ಬೇಡ ಎ೦ದುಕೊಳ್ಳುವವರು ವಾರಾ ಅವರನ್ನು ಅರ್ಧ ಮಾತ್ರ ಓದಿದಂತೆ. ಬಂದವರಲ್ಲಿ ಕೆಲವರಿಗೆ ಸ್ನೇಹ ಸಾಲದು, ಪರಿಣತರ ಚಿಕಿತ್ಸೆ ಬೇಕು ಎಂಬುದನ್ನು ಅವರು ಮೊದಲಿನಿಂದಲೂ ಬಲ್ಲರು. ಅಂಥವರನ್ನು ಗುರುತಿಸಿ ವೈದ್ಯರಿಗೆ ಒಪ್ಪಿಸುವುದೂ ಅವರ ವ್ಯವಸ್ಥೆಯ ಭಾಗ. ತಾನು ಯಾವುದಕ್ಕೆ ಸಾಲದವನು ಎಂಬ ಅರಿವು ಈ ಕಸುಬಿನಲ್ಲಿ ಪ್ರಾಣ ಉಳಿಸುವ ಅರಿವು. ರೋಜರ್ಸರೂ ಈ ಗಡಿಯನ್ನು ಮುಟ್ಟಿದರು. ವಿಸ್ಕಾನ್ಸಿನ್ನಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸ್ಕಿಜೋಫ್ರೇನಿಯ ರೋಗಿಗಳಲ್ಲಿ ತಮ್ಮ ವಿಧಾನವನ್ನು ಪರೀಕ್ಷಿಸಿದಾಗ, ಒಟ್ಟು ಗುಂಪಿನಲ್ಲಿ ಅವರು ನಿರೀಕ್ಷಿಸಿದ ಫಲ ಕಾಣಲಿಲ್ಲ. 1967ರಲ್ಲಿ ಆ ಫಲಿತಾಂಶವನ್ನು ಅವರು ಇದ್ದಂತೆಯೇ ಪ್ರಕಟಿಸಿದರು.

ಗುಟ್ಟಿನ ಪ್ರಶ್ನೆಯೂ ಅಷ್ಟೇ ಸೂಕ್ಷ್ಮವಾದದ್ದು. ಕೇಳಿದ ಮಾತು ಹೊಟ್ಟೆಯಲ್ಲಿ ನಿಲ್ಲದವನು ಸಮಾಲೋಚಕನಾಗಲಾರ; ಇದನ್ನು ಯಾರೂ ಅಲ್ಲಗಳೆಯರು. ಆದರೆ 1969ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ, ಭಾರತದಿಂದ ಹೋಗಿದ್ದ ವಿದ್ಯಾರ್ಥಿಯೊಬ್ಬ ತಾನು ಮೆಚ್ಚಿದ ಹುಡುಗಿಯನ್ನು ಕೊಲ್ಲುವ ಯೋಚನೆಯನ್ನು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರ ಮುಂದೆ ಆಡಿದ. ಅವರು ಆವರಣದ ಪೊಲೀಸರಿಗೆ ತಿಳಿಸಿದರು. ಪೊಲೀಸರು ವಿಚಾರಿಸಿ ಬಿಟ್ಟುಬಿಟ್ಟರು. ಹುಡುಗಿಗಾಗಲಿ ಮನೆಯವರಿಗಾಗಲಿ ಯಾರೂ ಹೇಳಲಿಲ್ಲ. ಆ ಅಕ್ಟೋಬರಿನಲ್ಲಿ ಅವನು ಆಕೆಯನ್ನು ಕೊಂದ. ತರಾಸಾಫ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ಪ್ರಕರಣದಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ, ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ ಅವರನ್ನು ರಕ್ಷಿಸುವ ಹೊಣೆ ಚಿಕಿತ್ಸಕನಿಗಿದೆ ಎಂದು ತೀರ್ಪಿತ್ತಿತು. ಯಾವ ಮಾತನ್ನು ನುಂಗಬೇಕು, ಯಾವುದನ್ನು ಆಡಲೇಬೇಕು ಎಂಬುದಕ್ಕೆ ಕರುಣೆ ಒಂದೇ ದಾರಿ ತೋರಲಾರದು. ಅದಕ್ಕೆ ಕಾನೂನಿನ ಅರಿವೂ ತರಬೇತಿಯೂ ಬೇಕು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆ ಗೋಪ್ಯತೆಯನ್ನು ರೋಗಿಯ ಹಕ್ಕಾಗಿ ಹೇಳಿ, ಅದಕ್ಕೆ ಇಂಥ ಅಪವಾದಗಳನ್ನೂ ಹೇಳಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದದ್ದೂ ಅದೇ ಕಾಯಿದೆ.

ಲಂಡನ್ನಿನ ಚಹಾದ ಕಥೆ ಅರ್ಧ ಶತಮಾನದ ಮೇಲೆ ಆಫ್ರಿಕದಲ್ಲಿ ಮತ್ತೆ ನಡೆಯಿತು. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರ ಬಳಿ ಚಿಕಿತ್ಸೆ ಪಡೆಯುತ್ತಿದ್ದ ಯುವತಿಯೊಬ್ಬಳು 2005ರಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಏಕೆ ಕರೆತರಲಿಲ್ಲವೆಂದು ಕೇಳಿದರೆ, ಬಸ್ಸಿಗೆ ಹದಿನೈದು ಡಾಲರ್ ಇರಲಿಲ್ಲ ಎಂದಳು ತಾಯಿ. ಆಸ್ಪತ್ರೆಯೇ ಜನರ ಬಳಿಗೆ ಹೋಗಬೇಕೆಂದು ಹೊರಟ ವೈದ್ಯರಿಗೆ ಹರಾರೆಯ ಬಡಾವಣೆಯೊಂದರಲ್ಲಿ ಸಿಕ್ಕಿದ್ದು ಹಣವಲ್ಲ, ಕೋಣೆಯೂ ಅಲ್ಲ. ಆರೋಗ್ಯ ಕಾರ್ಯಕರ್ತೆಯರಾಗಿದ್ದ ಹದಿನಾಲ್ಕು ಮಂದಿ ಅಜ್ಜಿಯರು. 2006ರಲ್ಲಿ, ಚಿಕಿತ್ಸಾಲಯದ ಹೊರಗೆ ಮರದ ಬೆಂಚು ಹಾಕಿ ಕೆಲಸ ಆರಂಭಿಸಿದರು. ಮಾನಸಿಕ ಆರೋಗ್ಯದ ಬೆಂಚು ಎಂದು ವೈದ್ಯರು ಇಟ್ಟ ಹೆಸರು ಕೇಳಿ ಯಾರೂ ಹತ್ತಿರ ಸುಳಿಯಲಿಲ್ಲ. ಅಜ್ಜಿಯರು ಅದನ್ನು ಸ್ನೇಹದ ಬೆಂಚು ಮಾಡಿದರು. ಖಿನ್ನತೆ ಎಂಬ ವೈದ್ಯರ ಮಾತಿಗೆ ಬದಲಾಗಿ ಅವರು ಬಳಸಿದ್ದು ಶೋನಾ ಭಾಷೆಯ ಕುಫುಂಗಿಸಿಸ ಎಂಬ ಪದ. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದು ನಮ್ಮ ಹಳ್ಳಿಯ ಹೆಂಗಸರು ಅನ್ನುವುದೂ ಇದನ್ನೇ. ಚಿಕಿತ್ಸೆಯ ಮೊದಲ ಹೆಜ್ಜೆಗೆ ಅವರ ಹೆಸರು ಮನಸ್ಸು ಬಿಚ್ಚುವುದು. ಈ ಪದ್ಧತಿಯನ್ನು 573 ಮಂದಿಯಲ್ಲಿ ಪರೀಕ್ಷಿಸಿದ ಫಲಿತಾಂಶ 2016ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂತು. ಬೆಂಚಿನ ಮೇಲೆ ಕುಳಿತವರು ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಅದಕ್ಕೂ ಮೊದಲೇ, 2010ರಲ್ಲಿ, ನಮ್ಮ ನೆರೆಯ ಗೋವೆಯ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರಿಂದ ಇಂಥದೇ ಫಲ ಕಂಡಿತ್ತು. ಈ ಅಜ್ಜಿಯರಿಗೂ ತರಬೇತಿಯಿತ್ತು, ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಿತ್ತು, ಅಪಾಯ ಕಂಡರೆ ಯಾರಿಗೆ ಹೇಳಬೇಕೆಂಬ ವ್ಯವಸ್ಥೆಯಿತ್ತು ಎಂಬುದನ್ನು ಮರೆಯಬಾರದು.

ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಕೊರವಂಜಿಯ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ನಾಡನ್ನು ನಗಿಸುತ್ತಲೇ ಮನಸ್ಸಿನ ಬೇನೆಗಳನ್ನು ಕುರಿತು ಮನಮಂಥನ ಬರೆದರು; ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಗೆಗಾರನೇ ಮನಸ್ಸಿನ ವೈದ್ಯನಾದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸಹಾಯವಾಣಿಗೂ ನಿಮ್ಹಾನ್ಸೇ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆದರೂ, ಕನ್ನಡದಲ್ಲೂ, ಖರ್ಚಿಲ್ಲದೆ ಮಾತನಾಡಬಹುದು. ಈ ಮಾತು ಕೇಳುತ್ತಿರುವವರಲ್ಲಿ ಯಾರಿಗಾದರೂ ಬೇಕಾದೀತೆಂದು ಆ ಸಂಖ್ಯೆಯನ್ನು ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮ್ಮ ಶಾಲೆ ಕಾಲೇಜುಗಳಲ್ಲಿಯೂ ಈಗ ಅಲ್ಲಲ್ಲಿ ಸಮಾಲೋಚಕರಿದ್ದಾರೆ. ಅವರನ್ನು ನೇಮಿಸುವಾಗ ಪದವಿಪತ್ರಗಳನ್ನು ನೋಡುತ್ತಾರೆ, ನೋಡಬೇಕಾದದ್ದೇ. ಅವರು ಎಷ್ಟು ಹೊತ್ತು ಮಾತನಾಡದೆ ಇರಬಲ್ಲರು ಎಂಬುದನ್ನು ಪರೀಕ್ಷಿಸಿದ ಆಯ್ಕೆ ಸಮಿತಿಯನ್ನು ನಾನು ಇನ್ನೂ ಕಂಡಿಲ್ಲ. ಅವರಿಗೆ ಕೊಡುವ ಕೋಣೆಯೋ, ಬಹುಮಟ್ಟಿಗೆ ಮುಖ್ಯೋಪಾಧ್ಯಾಯರ ಕೋಣೆಯ ಪಕ್ಕದಲ್ಲಿ, ದೊಡ್ಡ ಅಕ್ಷರದ ಫಲಕದ ಕೆಳಗೆ ಇರುತ್ತದೆ. ಆ ಬಾಗಿಲನ್ನು ತಳ್ಳುವ ಹುಡುಗಿಯನ್ನು ಇಡೀ ಅಂಗಳ ನೋಡುತ್ತದೆ. ಸಂಜೆಯೊಳಗೆ ಕಥೆ ಕಟ್ಟಿಯಾಗಿರುತ್ತದೆ. ಒಂದು ಸಣ್ಣ ಊರಿನ ಶಾಲೆಯಲ್ಲಿ ಮಾತ್ರ ಬೇರೆ ಏರ್ಪಾಟನ್ನು ಕಂಡೆ. ಅಲ್ಲಿಯ ಸಮಾಲೋಚಕಿ ಪಟ್ಟು ಹಿಡಿದು ತಮ್ಮ ಕೋಣೆಯನ್ನು ಗ್ರಂಥಾಲಯದ ಹಿಂಬದಿಗೆ ಮಾಡಿಸಿಕೊಂಡಿದ್ದರು. ಬಾಗಿಲು ಪುಸ್ತಕದ ಕಪಾಟುಗಳ ನಡುವೆ ಇತ್ತು, ಫಲಕವಿರಲಿಲ್ಲ. ಮಕ್ಕಳು ಪುಸ್ತಕ ತರಲು ಹೋದಂತೆ ಹೋಗಿ, ಒಳಗೆ ಕುಳಿತು ಹೇಳಿಕೊಂಡು, ಕೈಯಲ್ಲಿ ಒಂದು ಪುಸ್ತಕ ಹಿಡಿದು ಹೊರಗೆ ಬರುತ್ತಿದ್ದರು. ಆ ವರ್ಷ ಎರವಲು ಹೋದ ಪುಸ್ತಕಗಳೂ ಹೆಚ್ಚಿದುವೆಂದು ಗ್ರಂಥಪಾಲಕರು ನನಗೆ ದಾಖಲೆ ಪುಸ್ತಕವನ್ನು ತೆರೆದು ತೋರಿಸಿದರು.